ಸಾವಿನ ಗಾಡಿ ಹೊಡೆಯುವ ಸಿನಿಮಾ: ಆ ಕುಡುಕನ ಕಣ್ಣೀರು ನಿಮಗೆ ನಿಜ ಅನ್ನಿಸಿತಾ?

ತೊಗರಿಕಣಜ, ಕಲಬುರಗಿ

ವಿಕ್ಟರ್ ಶೋಸ್ಟ್ರೋಮ್ ನಿರ್ದೇಶಿಸಿ, ತಾನೇ ನಾಯಕನಾದ ‘ದಿ ಫ್ಯಾಂಟಮ್ ಕ್ಯಾರೇಜ್’ ಯಾರಾದರೂ ನೋಡಿದ್ದೀರಾ? 1921ರ ಸ್ವೀಡನ್ ಮೂಕಿಚಿತ್ರ. ಸೆಲ್ಮಾ ಲಾಗರ್‌ಲಾಫ್ ಕಾದಂಬರಿಯ ಕಥೆ. ವರ್ಷದ ಕೊನೆಯ ರಾತ್ರಿ ಹನ್ನೆರಡು ಹೊಡೆಯುವಾಗ ಸತ್ತವನು ಮುಂದಿನ ವರ್ಷವಿಡೀ ಸಾವಿನ ಗಾಡಿ ಹೊಡೆಯಬೇಕು.

ನಮ್ಮ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗೋ ಮಾತೇ ಇಲ್ಲ. ಕೂಲರ್ ಹಚ್ಚಿ ಅವ್ವನ ಜೊತೆ ನೋಡಿದೆ. ನಡುನಡುವೆ ಬರುವ ಬರಹ ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ಗಾಡಿಯ ಕಥೆ ಕೇಳಿ ಅವ್ವ, “ಯುಗಾದಿಗಿ ಯುಗಾದಿ ಜೀತ ಇದ್ದಂಗ ಅನ್ನು” ಅಂದಳು.

ಡೇವಿಡ್ ಹೋಮ್ ಕುಡುಕ, ಮೇಲೆ ಕ್ಷಯ. ಹೊಸದಾಗಿ ತೆರೆದ ಆಶ್ರಯಕ್ಕೆ ಬಂದು ಮಲಗುತ್ತಾನೆ. ಈಡಿತ್ ಅನ್ನೋ ಸಿಸ್ಟರ್ ರಾತ್ರಿಯೆಲ್ಲ ಕೂತು ಅವನ ಹರಕು ಕೋಟು ಹೊಲಿಯುತ್ತಾಳೆ. ಆ ಕೋಟಿನಿಂದಲೇ ಅವಳಿಗೂ ರೋಗ ಅಂಟುತ್ತದೆ. ಬೆಳಗ್ಗೆ ಅವನು ಕೋಟು ತೊಟ್ಟು, ಅವಳೆದುರೇ ಹೊಲಿಗೆಯೆಲ್ಲ ಕಿತ್ತು ಹಾಕುತ್ತಾನೆ. ನಗುತ್ತಾ! “ಇವನ ಬಾಯಾಗ ಮಣ್ಣು ಬೀಳ್ಲಿ” ಅಂತ ಅವ್ವ ಬೈದಳು.

ಅಂಥವನು ಆ ಹನ್ನೆರಡು ಹೊಡೆಯುವಾಗಲೇ ಸತ್ತು, ಕೊನೆಗೆ ಅಳುತ್ತಾನಲ್ಲ, ನೀವು ನಂಬಿದಿರಾ? ನನಗೆ ಅರ್ಧ ನಂಬಿಕೆ ಬಂತು, ಅಷ್ಟೇ.

ಬೀದರ್ ಕೋಟೆ

ನಾನು ಪೂರ್ತಿ ನಂಬಿದೆ ರೀ. ಅವನ ಹೆಂಡತಿ ತನ್ನ ಮಕ್ಕಳಿಗೆ ವಿಷ ಕೊಟ್ಟು ತಾನೂ ಸಾಯಲು ಹೊರಟಿದ್ದಾಳೆ. ಇವನು ಪಕ್ಕದಲ್ಲೇ ನಿಂತಿದ್ದಾನೆ, ಆದರೆ ಸತ್ತಿದ್ದಾನೆ, ಏನೂ ಮಾಡೋಕಾಗಲ್ಲ. ಹಿಂದೆ ಕೊಡಲಿಯಿಂದ ಬಾಗಿಲು ಒಡೆದವನು ಇವನೇ ಅಲ್ವಾ? ನಂಬೋಕೆ ಆ ಒದ್ದಾಟವೇ ಸಾಕು ನನಗೆ.

ಯಾದಗಿರಿ ಹುಡುಗ

ಅಳು ಬಿಡಿ ಅಣ್ಣಾ, ಗಾಡಿ ನೋಡಿ! ಮುಳುಗಿದವನನ್ನು ತರಲು ಅಲೆಗಳ ಮೇಲೆ ಹೋಗುತ್ತದೆ. ಕಂಪ್ಯೂಟರ್ ಎಲ್ಲಿತ್ತು ಆಗ? ಒಂದೇ ರೀಲನ್ನು ಕ್ಯಾಮೆರಾದಲ್ಲಿ ಮತ್ತೆ ಮತ್ತೆ ಓಡಿಸಿ ತೆಗೆದದ್ದು. ಅದೂ ಕೈಯಲ್ಲಿ ತಿರುಗಿಸುವ ಕ್ಯಾಮೆರಾ. ವೇಗ ತಪ್ಪಿದರೆ ಎಲ್ಲ ಹಾಳು.

ತೊಗರಿಕಣಜ, ಕಲಬುರಗಿ

ಬೀದರ್ ಸರ್, ಒದ್ದಾಟ ಒಪ್ಪಿದೆ. ಆದರೆ ಅವನಿಗೆ ಮತ್ತೆ ಜೀವ ಬಂದು ಮನೆಗೆ ಓಡಿ ಬಂದಾಗ ಹೆಂಡತಿಯೇ ತಕ್ಷಣ ನಂಬಲ್ಲ. ನನಗೆ ಹಿಡಿಸಿದ್ದೇ ಅದು. ಈಡಿತ್ ಅಂತೂ ಸತ್ತೇ ಹೋದಳು, ಅವಳ ಲೆಕ್ಕ ಯಾರು ತೀರಿಸಬೇಕು?

ನೋಡುವವರು ಬಣ್ಣದ ಛಾಯೆ ಇರುವ ಪ್ರಿಂಟ್ ಹುಡುಕಿ. ರಾತ್ರಿಯ ಬಯಲು ನೀಲಿ ಇರುತ್ತದೆ. ಸುಮ್ನೆ ಕಪ್ಪು-ಬಿಳುಪಿನದ್ದು ಹಾಕಿದರೆ ಹೊರಗೆ ಯಾವಾಗ ಕತ್ತಲಾಯಿತು ಅಂತ ಬೇಗ ಗೊತ್ತಾಗಲ್ಲ.