ಡಬ್ಸ್ ಕುಟುಂಬ ಮತ್ತೆ ಒಂದಾಯಿತು. ಯಾರ ಪುಣ್ಯದಿಂದ?

ಸುಮಾ ಹಾಸನ
ಬ್ರಿಟನ್ನಿನ ರಾಜಕಾರಣಿ ಆಲ್ಫ್ ಡಬ್ಸ್ ಅವರ ಬಾಲ್ಯದ ಕಥೆ ಓದಿ ಎರಡು ದಿನ ಆಯ್ತು, ಮನಸ್ಸಿಂದ ಹೋಗ್ತಾನೇ ಇಲ್ಲ. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಜೆಕೊಸ್ಲೊವಾಕಿಯಾದ ಪ್ರಾಗ್‌ಗೆ, ಅವರ ಊರಿಗೆ, ನುಗ್ಗಿತು. ಯಹೂದಿ ಮೂಲದ ಅಪ್ಪ ಆಗಲೇ ಲಂಡನ್‌ಗೆ ಹೊರಟರು. ಅಮ್ಮನಿಗೆ ದೇಶ ಬಿಡಲು ಅನುಮತಿ ಸಿಗಲಿಲ್ಲ. ಜೂನ್‌ನಲ್ಲಿ ಆರು ವರ್ಷದ ಮಗನನ್ನು ಒಬ್ಬನೇ ಮಕ್ಕಳ ರೈಲು, ಅಂದರೆ ನಾಜಿಗಳಿಂದ ಪಾರು ಮಾಡಿ ಮಕ್ಕಳನ್ನು ಬ್ರಿಟನ್ನಿಗೆ ಸಾಗಿಸುತ್ತಿದ್ದ ರೈಲು, ಹತ್ತಿಸಿದರು, ಜೊತೆಗೆ ಬುತ್ತಿ ಕಟ್ಟಿಕೊಟ್ಟರು. ಎರಡು ದಿನದ ದಾರಿ, ಹುಡುಗ ಆ ಬುತ್ತಿ ಮುಟ್ಟಲೇ ಇಲ್ಲವಂತೆ. ಲಂಡನ್ ಸ್ಟೇಷನ್‌ನಲ್ಲಿ ಅಪ್ಪ ಕಾಯುತ್ತಿದ್ದರು. ಅಮ್ಮ ಬಂದು ಸೇರಿದ್ದು ಆಗಸ್ಟ್ 31ಕ್ಕೆ. ಮಾರನೇ ದಿನವೇ ಪೋಲೆಂಡ್ ಮೇಲೆ ಹಿಟ್ಲರನ ದಾಳಿ, ಮಹಾಯುದ್ಧ ಶುರು. ಒಂದು ದಿನ ತಡವಾಗಿದ್ದರೆ? ಬ್ರಿಟನ್ ಬಾಗಿಲು ತೆರೆದಿದ್ದಕ್ಕೆ ಈ ಮೂವರು ಒಂದಾದರು. ಅದನ್ನು ಮರೀಬಾರದು.

ಪ್ರದೀಪ ಕುಂದಾಪುರ
"ಬ್ರಿಟನ್ ಬಾಗಿಲು ತೆರೆದಿದ್ದಕ್ಕೆ" ಅಂದಿರಲ್ಲ, ಯಾವ ಬಾಗಿಲು ಮೇಡಂ? ಆ ರೈಲಿನಲ್ಲಿ ಮಕ್ಕಳು ಬರಬಹುದು, ಅಪ್ಪ ಅಮ್ಮ ಬರೋ ಹಾಗಿಲ್ಲ. ಪ್ರಾಗ್‌ನಿಂದ ಬರುವ ಒಂದೊಂದು ಮಗುವಿಗೂ 50 ಪೌಂಡ್ ಠೇವಣಿ, ಮೇಲೆ ಸಾಕುವ ಮನೆ ಬೇರೆ ತೋರಿಸಬೇಕು. ಬಾಗಿಲಲ್ಲ ಅದು, ಕಿಂಡಿ.

ಸುಮಾ ಹಾಸನ
ಆ ಕಿಂಡಿಯಲ್ಲೇ ಸುಮಾರು 10,000 ಮಕ್ಕಳು ಬಂದರು. ಅದೇ 1939ರಲ್ಲಿ 20,000 ಮಕ್ಕಳಿಗೆ ಜಾಗ ಕೊಡೋಣ ಅಂತ ಅಮೆರಿಕದ ಸಂಸತ್ತಿನಲ್ಲಿ ಒಂದು ಮಸೂದೆ ಬಂತು. ಪಾಸಾಗಲೇ ಇಲ್ಲ. ಹೋಲಿಸಿ ನೋಡಿ, ಆಮೇಲೆ ಬೈಯಿರಿ.

ಪ್ರದೀಪ ಕುಂದಾಪುರ
ಪಕ್ಕದವನು ಕೆಟ್ಟವನು ಅಂದ ಮಾತ್ರಕ್ಕೆ ಇವನು ಒಳ್ಳೆಯವನಾಗಲ್ಲ. ಆ 10,000 ಮಕ್ಕಳಲ್ಲಿ ಹೆಚ್ಚಿನವರು ಅಪ್ಪ ಅಮ್ಮನನ್ನು ಮತ್ತೆ ನೋಡಲೇ ಇಲ್ಲ. ನೀವು ಒಂದು ಮನೆಯ ಕಥೆ ಹಿಡಿದು ಸರ್ಕಾರಕ್ಕೆ ಹಾರ ಹಾಕ್ತಿದ್ದೀರಿ.

ಮಾಸ್ತರ ಧಾರವಾಡ
"ಸರ್ಕಾರಕ್ಕೆ ಹಾರ" ಬೇಡವೇ ಬೇಡ. ಹಾರ ಹಾಕಬೇಕಾದದ್ದು ನಿಕೋಲಸ್ ವಿಂಟನ್ ಅವರಿಗೆ. 29 ವರ್ಷದ ಷೇರು ದಲ್ಲಾಳಿ. ರಜೆಗೆ ಹೊರಟಿದ್ದವರು ಪ್ರಾಗ್‌ಗೆ ಹೋಗಿ 669 ಮಕ್ಕಳನ್ನು ಉಳಿಸಿದರು. ಒಬ್ಬ ಮನುಷ್ಯ! ಡಬ್ಸ್ ಕೂಡ ಆ 669ರಲ್ಲಿ ಒಬ್ಬರು.

ರೈಲು ಕಿಟಕಿ
"ಒಬ್ಬ ಮನುಷ್ಯ" ಅನ್ನೋದು ಶುದ್ಧ ತಪ್ಪು ಸರ್. ವಿಂಟನ್ ಪ್ರಾಗ್‌ನಲ್ಲಿ ಇದ್ದದ್ದು ಹೆಚ್ಚೂಕಡಿಮೆ ಮೂರು ವಾರ. ಜನವರಿಯಲ್ಲೇ ಲಂಡನ್‌ಗೆ ವಾಪಸ್. ನಾಜಿಗಳು ಬಂದ ಮೇಲೂ ಅಲ್ಲೇ ನಿಂತು ಮಕ್ಕಳನ್ನು ರೈಲು ಹತ್ತಿಸಿದವರು ಟ್ರೆವರ್ ಚಾಡ್ವಿಕ್ ಅನ್ನೋ ಶಾಲಾ ಮೇಷ್ಟ್ರು. ಲಂಡನ್ ಕಾಗದ ತಡವಾದಾಗ ಸುಳ್ಳು ಕಾಗದ ಮಾಡಿಸಿಯೂ ಕಳಿಸಿದರು. ಅವರಿಗಿಂತ ಮೊದಲೇ ಅಲ್ಲಿ ಕೆಲಸ ಶುರು ಮಾಡಿದ್ದವರು ಡೊರೀನ್ ವಾರಿನರ್ ಅನ್ನೋ ಬ್ರಿಟಿಷ್ ಮಹಿಳೆ. ಅವರ ಹೆಸರು ಯಾರ ಬಾಯಲ್ಲೂ ಬರಲ್ಲ.

ಮಾಸ್ತರ ಧಾರವಾಡ
ಮೂರು ವಾರ, ಮೂರು ವಾರ! ಲಂಡನ್‌ನಲ್ಲಿ ಅವರೇನು ಕೈ ಕಟ್ಟಿ ಕೂತಿದ್ದರಾ? ಹಗಲು ಷೇರುಪೇಟೆ, ಸಂಜೆ ಮಕ್ಕಳ ಫೋಟೋ ಹಿಡಿದು ಸಾಕುವ ಮನೆ ಹುಡುಕೋದು. ಠೇವಣಿ ಹಣ, ವೀಸಾ ಎಲ್ಲ ಅಲ್ಲಿಂದಲೇ. ಆ ಕಡೆ ಮನೆ ಸಿಗದಿದ್ದರೆ ಈ ಕಡೆ ರೈಲು ಹತ್ತಿಸಿ ಏನು ಮಾಡೋದು?

ರೈಲು ಕಿಟಕಿ
ನಿಜವಾದ ಹೀರೋ ಚಾಡ್ವಿಕ್ ಅಂತ ಸ್ವತಃ ವಿಂಟನ್ ಅವರೇ ಹೇಳಿದ್ದಾರೆ. ನೀವು ಅವರಿಗಿಂತ ಜಾಸ್ತಿ ಬಲ್ಲಿರಾ?

ಮಾಸ್ತರ ಧಾರವಾಡ
ದೊಡ್ಡವರು ಹಾಗೇ ಹೇಳೋದು. ಅದು ಅವರ ವಿನಯ, ಸಾಕ್ಷಿ ಅಲ್ಲ. ಇನ್ನೊಂದು ಮಾತು, ಚಾಡ್ವಿಕ್ ಕೂಡ ಜೂನ್ ಹೊತ್ತಿಗೆ ಪ್ರಾಗ್ ಬಿಟ್ಟಾಗಿತ್ತು. ಡಬ್ಸ್ ಹೊರಟದ್ದು ಜೂನ್‌ನಲ್ಲಿ. ಈಗ ಹೇಳಿ.

ರೈಲು ಕಿಟಕಿ
ಒಂದು ತಿಂಗಳ ಲೆಕ್ಕ ಹಿಡಿದು ಆ ಮನುಷ್ಯ ಪ್ರಾಣಕ್ಕೆ ಅಂಜದೆ ಮಾಡಿದ್ದನ್ನೆಲ್ಲ ಅಳಿಸ್ತೀರಾ? ನಾಚಿಕೆ ಆಗಬೇಕು. 1988ರಲ್ಲಿ ಬಿಬಿಸಿ ಟಿವಿಯಲ್ಲಿ ವಿಂಟನ್ ಬಂದರು, ಅಲ್ಲಿಂದ ಎಲ್ಲರಿಗೂ ಅವರೊಬ್ಬರೇ ಕಾಣೋದು. ಚಾಡ್ವಿಕ್‌ಗೆ ಊರಲ್ಲಿ ಪ್ರತಿಮೆ ಆಗಲು 2022 ಬರಬೇಕಾಯ್ತು.

ಮಾಸ್ತರ ಧಾರವಾಡ
"ನಾಚಿಕೆ" ಅನ್ನೋ ಪದ ವಾಪಸ್ ತಗೊಳ್ಳಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು.

ರೈಲು ಕಿಟಕಿ
ತಗೊಳ್ಳಲ್ಲ. ಪಾಠ ಮಾಡಿದವರೇ ಹೀಗಂದರೆ ಮಕ್ಕಳ ಗತಿ ಏನು?

ಅನಂತ ಮೈಸೂರು
ಇಬ್ಬರೂ ಸ್ವಲ್ಪ ಇರಿ. ಯಾರ್ಯಾರಿಗೆ ದಾರಿ ಸಿಕ್ಕಿತು ಅದನ್ನೂ ನೋಡಿ. ನಾಜಿಗಳಿಂದಾಗಿ ಜರ್ಮನಿ ಬಿಟ್ಟ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ನಮ್ಮ ಬೆಂಗಳೂರಿಗೆ 1935ರಲ್ಲಿ ಬಂದರು, ಸಿ.ವಿ. ರಾಮನ್ ಕರೆಸಿದ್ದು. ಆಮೇಲೆ ಬ್ರಿಟನ್ನಿನ ಎಡಿನ್‌ಬರೋದಲ್ಲಿ ಕೆಲಸ ಸಿಕ್ಕಿತು. ಹೆಸರು ಮಾಡಿದ ವಿಜ್ಞಾನಿಗೆ ಜಾಗ ಇತ್ತು. ಹೆಸರಿಲ್ಲದ ತಾಯಿ ಅನುಮತಿ ಚೀಟಿಗೆ ಕಚೇರಿ ಅಲೆಯಬೇಕಾಯ್ತು.

ಪ್ರದೀಪ ಕುಂದಾಪುರ
"ಅನುಮತಿ ಚೀಟಿ" ಕೊಡದೆ ಸತಾಯಿಸಿದವರು ನಾಜಿಗಳು ಸರ್, ಬ್ರಿಟನ್ ಅಲ್ಲ. ಎರಡನ್ನೂ ಕಲೆಸಬೇಡಿ.

ಸುಮಾ ಹಾಸನ
ಅಬ್ಬಾ, ಪ್ರದೀಪ್ ಅವರೇ ಬ್ರಿಟನ್ ಪರ ಮಾತಾಡಿದರು!

ಪ್ರದೀಪ ಕುಂದಾಪುರ
ಪರ ಅಲ್ಲ. ಇದ್ದದ್ದು ಹೇಳಿದೆ. 1940ರಲ್ಲಿ ಇದೇ ಬ್ರಿಟನ್ ಹಿಟ್ಲರನಿಂದ ಓಡಿಬಂದ ಯಹೂದಿಗಳನ್ನೇ ಶತ್ರು ದೇಶದವರು ಅಂತ ಹಿಡಿದು ಮುಳ್ಳುತಂತಿ ಒಳಗೆ ಹಾಕಿತು. ಡುನೆರಾ ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೂ ಸಾಗಿಸಿತು. ಅದಕ್ಕೆ ಏನಂತೀರಿ?

ನಾಗವೇಣಿ ಶಿರಸಿ
ಒಂದು ಗಂಟೆಯಿಂದ ಓದ್ತಿದ್ದೇನೆ. ವಿಂಟನ್, ಚಾಡ್ವಿಕ್, ಸರ್ಕಾರ, ಹಡಗು. ರೈಲು ಹತ್ತಿಸಿದ ಅಮ್ಮನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಗಂಡ ಇಲ್ಲ, ಮಗ ಇಲ್ಲ, ಊರ ತುಂಬ ನಾಜಿಗಳು. ಜೂನ್‌ನಿಂದ ಆಗಸ್ಟ್ ಕೊನೆವರೆಗೂ ಆ ಮನೆಯಲ್ಲಿ ಅವರು ಒಬ್ಬರೇ. ನನ್ನ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನ ನನಗೆ ಅನ್ನ ಇಳಿದಿರಲಿಲ್ಲ, ಅದೂ ಎರಡು ಗಂಟೆ ದಾರಿಯ ಊರು. ಸೆಪ್ಟೆಂಬರ್ 1ಕ್ಕೆ ಪ್ರಾಗ್‌ನಿಂದ ಇನ್ನೊಂದು ರೈಲು ಹೊರಡಬೇಕಿತ್ತು, 250 ಮಕ್ಕಳು. ಹೊರಡಲೇ ಇಲ್ಲ. ಆ ಅಮ್ಮಂದಿರೂ ಬುತ್ತಿ ಕಟ್ಟಿರಬೇಕು ಅಲ್ವಾ?

ಮಾಸ್ತರ ಧಾರವಾಡ
ಆ 250 ಮಕ್ಕಳ ಪಟ್ಟಿ ಮಾಡಿ, ಮನೆ ಹುಡುಕಿ ಇಟ್ಟಿದ್ದವರೂ ವಿಂಟನ್ ಕಡೆಯವರೇ, ನೆನಪಿರಲಿ.

ರೈಲು ಕಿಟಕಿ
"ಕಡೆಯವರು" ಅಂದಿರಿ. ಮೊದಲು "ಒಬ್ಬ ಮನುಷ್ಯ" ಅಂದಿದ್ದಿರಿ. ನನಗೆ ಅಷ್ಟು ಸಾಕು.

ಮಾಸ್ತರ ಧಾರವಾಡ
ನಾನು ಏನನ್ನೂ ಒಪ್ಪಿಲ್ಲ.

ಸುಮಾ ಹಾಸನ
ನಾಗವೇಣಿ ಅಕ್ಕಾ, ನಾನೂ ಅದೇ ಬುತ್ತಿ ನೆನೆದುಕೊಂಡೇ ಬರೆಯೋಕೆ ಕೂತಿದ್ದು. ಅಪ್ಪ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲವಂತೆ. ಅಮ್ಮ ಮಗ ಇಬ್ಬರೇ ಉಳಿದರು. ಆ ಹುಡುಗ ದೊಡ್ಡವನಾಗಿ ಬ್ರಿಟನ್ ಸಂಸತ್ತಿಗೆ ಹೋದ. 2016ರಲ್ಲಿ, 83ನೇ ವಯಸ್ಸಲ್ಲಿ, ಒಂಟಿಯಾಗಿ ಯುರೋಪ್ ಸೇರಿದ ನಿರಾಶ್ರಿತ ಮಕ್ಕಳನ್ನು ಕರೆಸಿಕೊಳ್ಳಿ ಅಂತ ಕಾನೂನಿಗೆ ತಿದ್ದುಪಡಿ ತಂದ.

ಪ್ರದೀಪ ಕುಂದಾಪುರ
ತಂದರು, ನಿಜ. ಆದರೆ ಎಷ್ಟು ಮಕ್ಕಳಾದ ಮೇಲೆ ಸರ್ಕಾರ ನಿಲ್ಲಿಸಿತು ಗೊತ್ತಾ? 480. ಮತ್ತೆ ಅದೇ ಕಿಂಡಿ.