ಬದುಕಿನಲ್ಲಿ ಯಾವುದು ಮುಖ್ಯ ಎಂದು ನಿಮಗೆ ಹೇಗೆ ತಿಳಿಯಿತು?

ಪ್ರಶ್ನೆ: ಕಾರವಾರದ ಬ್ಯಾಂಕ್ ಉದ್ಯೋಗಿ

ಊರು ಶಿರಸಿ ಕಡೆ, ಕೆಲಸ ಕಾರವಾರದಲ್ಲಿ. ವಯಸ್ಸು ನಲವತ್ತಾರು. ಮನೆಯ ಸಾಲ ತೀರಿದೆ, ಮಗಳು ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಳೆ, ಆರೋಗ್ಯಕ್ಕೂ ಸದ್ಯ ಕುಂದಿಲ್ಲ. ದೂರಲು ಏನೂ ಇಲ್ಲ ಎಂಬುದೇ ಈಗ ಕಾಡುತ್ತಿದೆ. ಸಾಲ ತೀರಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಇಷ್ಟು ವರ್ಷ ಮುಂದೂಡುತ್ತ ಬಂದೆನಲ್ಲ, ಮುಂದೂಡಿದ್ದು ಯಾವುದನ್ನು ಎಂದು ಕೇಳಿಕೊಂಡರೆ ಏನೂ ಹೊಳೆಯುತ್ತಿಲ್ಲ. ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ, ಗೋಕರ್ಣದಲ್ಲೋ ಹಿಮಾಲಯದ ಕಡೆಯೋ ಒಬ್ಬನೇ ಇದ್ದು, ಬದುಕಿನಲ್ಲಿ ಯಾವುದು ಮುಖ್ಯ ಎಂದು ಹುಡುಕಿಕೊಳ್ಳಬೇಕು ಎನಿಸುತ್ತಿದೆ. ಹೆಂಡತಿ ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ. ಉಪದೇಶ ಬೇಡ, ಅದು ಬಂಧುಗಳಿಂದ ಬೇಕಾದಷ್ಟು ಸಿಗುತ್ತದೆ. ನಿಮಗೆ ಹೇಗೆ ತಿಳಿಯಿತು ಎಂಬುದನ್ನಷ್ಟೇ ಹೇಳಿ.

ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು

ತಮ್ಮಾ, ನನ್ನನ್ನು ಯಾರೂ ಕೇಳಲೇ ಇಲ್ಲ. ಅಪ್ಪ ಹಾಸಿಗೆ ಹಿಡಿದರು ಎಂದು ಮುಂಬಯಿಯ ಕೆಲಸಕ್ಕೆ ರಜೆ ಹಾಕಿ ಬಂದೆ. ಒಂದು ಮಳೆಗಾಲ ದಾಟಿಸಿ ಮರಳುವುದೆಂದು ಲೆಕ್ಕ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಹೊಡೆಸಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಮರ ಹತ್ತುವವರು ಸಿಕ್ಕ ದಿನ ಜಡಿಮಳೆ, ಹೊಳವಾದ ದಿನ ಅವರು ಇನ್ನೊಬ್ಬರ ತೋಟದಲ್ಲಿ. ಎರಡನೆಯ ಮದ್ದು ತಡವಾಯಿತೋ, ಮರದ ಬುಡದಲ್ಲಿ ಎಳೆಯ ಕಾಯಿ ಉದುರಿ ಬಿದ್ದಿರುತ್ತದೆ. ಈ ಗಡಿಬಿಡಿಯಲ್ಲಿ ‘ಇದು ನನಗೆ ಇಷ್ಟವೇ’ ಎಂದು ಕೇಳಿಕೊಳ್ಳುವ ಪುರಸೊತ್ತು ಸಿಕ್ಕಿದ್ದು ಕೊನೆಕೊಯ್ಲು ಮುಗಿದ ಮೇಲೆ. ಅಷ್ಟರಲ್ಲಿ ಇಷ್ಟವಾಗಿಹೋಗಿತ್ತು. ಮುಂಬಯಿಗೆ ಸಾಮಾನು ತರಲು ಹೋಗಿಬಂದೆ, ಅಷ್ಟೆ.

ಇಷ್ಟ ಯಾವುದು ಎಂದು ಮೊದಲು ಕಂಡುಕೊಂಡು ಆಮೇಲೆ ಕೆಲಸಕ್ಕೆ ಇಳಿಯಬೇಕು ಎಂಬುದನ್ನು ಅಂದಿನಿಂದ ನಾನು ನಂಬುವುದಿಲ್ಲ. ಗೋಕರ್ಣದ ಕೋಣೆಯಲ್ಲಿ ನೀವು ಏಳದಿದ್ದರೂ ಕೆಡುವಂಥದ್ದು ಏನಿರುತ್ತದೆ? ನೀವು ಹೋಗದಿದ್ದರೆ ಕೆಡುವ ಒಂದು ಕೆಲಸಕ್ಕೆ ಒಂದು ವರ್ಷ ಕೈ ಹಾಕಿ ನೋಡಿ.

ಸಿದ್ದಾಪುರದ ಗೃಹಿಣಿ, ತಾಳಮದ್ದಳೆ ಅರ್ಥಧಾರಿ

ಅಣ್ಣಾ, ನೀವು ಮದ್ದು ಹೊಡೆಸುತ್ತಿದ್ದಾಗ ಅಷ್ಟೂ ಜನಕ್ಕೆ ಚಹಾ, ತಿಂಡಿ, ಊಟ ಮಾಡಿ ಬಡಿಸಿದವರು ಯಾರು? ಆ ಕೆಲಸವೂ ಕೇಳದೆ ಬಂದು ಮೈಮೇಲೆ ಬಿದ್ದದ್ದೇ. ಅವರಿಗೂ ಕೊನೆಕೊಯ್ಲಿನ ಹೊತ್ತಿಗೆ ಇಷ್ಟವಾಗಿಹೋಗಿತ್ತೇ ಎಂದು ಒಮ್ಮೆ ವಿಚಾರಿಸಿ. ಎದುರಿಗೆ ಬಂದ ಹೊಣೆಯೇ ಮುಖ್ಯ ಎಂಬ ಮಾತು ಗಂಡಸರ ಬಾಯಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತದೆ. ನಮಗೆ ಹೊಣೆಗೆ ಯಾವತ್ತೂ ಬರಗಾಲವಿರಲಿಲ್ಲ.

ಮಕ್ಕಳು ಊರು ಬಿಟ್ಟ ಮೇಲೆ ನಾನು ಮಹಿಳೆಯರ ತಾಳಮದ್ದಳೆ ಕೂಟಕ್ಕೆ ಸೇರಿದೆ. ಈ ವಯಸ್ಸಿನಲ್ಲಿ ಏಕೆ ಎಂದು ಕೇಳಿದವರಿದ್ದಾರೆ. ಬ್ಯಾಂಕಿನವರು ಈ ಕಡೆಯವರೇ ಆದ್ದರಿಂದ ಇದೇನೆಂದು ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚಂಡೆ ಮದ್ದಳೆ ಇರುತ್ತವೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಕರ್ಣಭೇದನದ ಕರ್ಣ. ಯುದ್ಧ ಇನ್ನೇನು ಶುರುವಾಗಬೇಕು. ಕೃಷ್ಣ ಬಂದು, ನೀನು ಕುಂತಿಯ ಹಿರಿಯ ಮಗ, ಪಾಂಡವರ ಕಡೆಗೆ ಬಾ, ಸಿಂಹಾಸನ ನಿನ್ನದೇ ಎನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ಅದನ್ನು ಬದಲಿಸುವಂತಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಮಾತ್ರ ಪ್ರತಿ ಕೂಟದಲ್ಲಿ ನಾನೇ ಹುಡುಕಬೇಕು. ಅನ್ನದ ಋಣ ಎಂದು ಶುರು ಮಾಡಿದರೆ, ಎದುರಿನ ಕೃಷ್ಣ ‘ನಿನಗೆ ಅನ್ನ ಹಾಕಿ ಬೆಳೆಸಿದವಳು ರಾಧೆ, ಕೌರವನಲ್ಲ’ ಎಂದು ಬಾಯಿ ಕಟ್ಟುತ್ತಾಳೆ. ಕೊಟ್ಟ ಮಾತು ಎಂದರೆ, ಅಧರ್ಮಕ್ಕೆ ಕೊಟ್ಟ ಮಾತನ್ನು ಯಾವ ಧರ್ಮ ಕಾಯುತ್ತದೆ ಎನ್ನುತ್ತಾಳೆ. ಒಂದು ರಾತ್ರಿ ಬೇರೆ ದಾರಿ ಕಾಣದೆ, ‘ನಾನು ಯಾರ ಮಗ ಎಂದು ಸಭೆಯೆಲ್ಲ ಕೇಳಿ ನಕ್ಕ ದಿನ, ಅದನ್ನು ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡವನು ಅವನು. ಯಾರ ಮಗನೆಂದು ಗೊತ್ತಿದ್ದೂ ಇಷ್ಟು ವರ್ಷ ಬಾರದವನು ನೀನು’ ಎಂದುಬಿಟ್ಟೆ. ಕೃಷ್ಣನೂ ಒಂದು ಕ್ಷಣ ತಡವರಿಸಿದ.

ಆ ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಮಾರನೆಯ ದಿನ ಪಾತ್ರೆ ತೊಳೆಯುತ್ತಿದ್ದಾಗ, ನನ್ನನ್ನು ಹಾಗೆ ಕೂರಿಸಿಕೊಂಡವರು ಯಾರು ಯಾರು ಎಂದು ನೆನಪಾಗತೊಡಗಿತು. ಮದುವೆಯಾಗಿ ಬಂದ ಹೊಸತರಲ್ಲಿ ಜೊತೆಗಿದ್ದ ನೆರೆಮನೆಯ ಅಕ್ಕ ಒಬ್ಬಳು ಈಗ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾಳೆ. ವರ್ಷಗಟ್ಟಲೆ ಮಾತಿರಲಿಲ್ಲ. ಈಗ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತೇನೆ, ಯಾವ ಕೆಲಸವಿದ್ದರೂ.

ಒಬ್ಬರೇ ಕುಳಿತು ಹುಡುಕಿದರೆ ನಮಗೆ ಹಿತವಾದ ಉತ್ತರವೇ ಸಿಗುತ್ತದೆ ಎಂದು ನನ್ನ ಅನಿಸಿಕೆ. ಪಟ್ಟು ಬಿಡದ ಕೃಷ್ಣ ಒಬ್ಬ ಎದುರಿಗೆ ಬೇಕು. ನಿಮ್ಮ ಮನೆಯವರು ಹೂಂ ಎಂದಿಲ್ಲ ಎಂದಿರಲ್ಲ, ಅವರೊಡನೆ ಒಂದು ರಾತ್ರಿ ಕುಳಿತು ಅರ್ಥ ಹೇಳಿ ನೋಡಿ.

ಕಾರವಾರದ ನಿವೃತ್ತ ಶಿಕ್ಷಕರು

ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದಿದ್ದರು. ಇಲ್ಲಿ ಬರೆದ ‘ಪ್ರಕೃತಿರ ಪ್ರತಿಶೋಧ’ ನಾಟಕ 1884ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಸನ್ನ್ಯಾಸಿಗೆ ಹೆಚ್ಚುಕಡಿಮೆ ನಿಮ್ಮದೇ ಯೋಚನೆ: ನಂಟನ್ನೆಲ್ಲ ಕಳಚಿದರೆ ನಿಜವಾದದ್ದು ಕೈಗೆ ಸಿಗುತ್ತದೆ. ಊರವರು ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನನ್ನು ಹಚ್ಚಿಕೊಳ್ಳುತ್ತಾಳೆ. ಮಮತೆ ಕಟ್ಟಿಹಾಕೀತೆಂದು ಹೆದರಿ ಅವಳನ್ನು ಬಿಟ್ಟು ಹೋಗುತ್ತಾನೆ. ತಾಳಲಾರದೆ ಹುಡುಕಿಕೊಂಡು ಬರುವಷ್ಟರಲ್ಲಿ ಹುಡುಗಿ ತೀರಿಕೊಂಡಿರುತ್ತಾಳೆ.

ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಮಕ್ಕಳು ಸನ್ನ್ಯಾಸಿಯನ್ನು ಬೈಯುತ್ತಿದ್ದರು. ನಾನು ಅಷ್ಟು ಬೈಯಲಾರೆ, ಬಿಟ್ಟು ಹೋಗದಿದ್ದರೆ ಅವನಿಗೆ ಅದು ತಿಳಿಯುತ್ತಲೂ ಇರಲಿಲ್ಲ. ನಿವೃತ್ತಿಯ ಮೇಲೆ ನಾನೂ ಹರಿದ್ವಾರದಲ್ಲಿ ಕೆಲವು ಕಾಲ ಇದ್ದೆ. ಗಂಗೆಯ ದಡದಲ್ಲಿ ಕುಳಿತರೆ ಮೊಮ್ಮಗನಿಗೆ ಈಗ ಮಗ್ಗಿ ಯಾರು ಹೇಳಿಕೊಡುತ್ತಿದ್ದಾರೋ ಎಂಬ ಚಿಂತೆ. ಇದೇ ನನ್ನ ಉತ್ತರ ಎಂದು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು, ಏಕೆಂದರೆ ಇನ್ನೂ ದೊಡ್ಡದೇನನ್ನೋ ನಿರೀಕ್ಷಿಸಿ ಹೋಗಿದ್ದೆ. ಆದ್ದರಿಂದ ಹೋಗಬೇಡಿ ಎನ್ನುವುದಿಲ್ಲ. ಹಿಂದಿರುಗಲು ಆಗದಷ್ಟು ದೂರ, ಅಷ್ಟು ಕಾಲ ಹೋಗಬೇಡಿ. ಅಂದಹಾಗೆ, ಕಾರವಾರದಿಂದ ಮರಳಿದ ಕವಿಗಳು 1883ರ ಡಿಸೆಂಬರಿನಲ್ಲಿ ಮದುವೆಯಾದರು.

ಅಂಕೋಲಾದಿಂದ ಒಬ್ಬರು

ನಮ್ಮ ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಪದ್ಮಶ್ರೀ ಘೋಷಣೆಯಾದ ಮೇಲೆ ಅವರ ಬದುಕಿನ ಧ್ಯೇಯದ ಬಗ್ಗೆ ಬೇಕಾದಷ್ಟು ಭಾಷಣಗಳಾದವು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಅವರು ಹೋದದ್ದು ದಿನಗೂಲಿಗೆ. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು ಎಂಬ ತಿಳಿವಳಿಕೆ ಕೆಲಸ ಮಾಡುತ್ತ ಮಾಡುತ್ತ ಗಟ್ಟಿಯಾಯಿತು. ನನ್ನ ಮತ ಅಡಿಕೆ ಬೆಳೆಗಾರರಿಗೆ. ಆದರೆ ಸಿದ್ದಾಪುರದ ಅಕ್ಕನ ಮೊದಲ ಪ್ರಶ್ನೆಗೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಕಾರವಾರದ ಬೈತಖೋಲದ ಮೀನುಗಾರ ಮಹಿಳೆ

ನೀವು ಕೇಳುತ್ತಿರುವ ರಜೆಯನ್ನು ನಮ್ಮ ಯಜಮಾನರಿಗೆ ಸರ್ಕಾರವೇ ವರ್ಷವರ್ಷ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ಹಾಗಾಗಿ ಮನೆಯಲ್ಲಿ ಬಿಡುವಾಗಿ ಕುಳಿತ ಗಂಡಸಿಗೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮೊದಲು ನಿದ್ದೆ. ನಿದ್ದೆ ತೀರಿದ ಮೇಲೆ ಮನೆಯಲ್ಲಿ ಎಲ್ಲವೂ ತಪ್ಪು: ಅಕ್ಕಿ ಡಬ್ಬ ಇಲ್ಲೇಕೆ, ಮಗನ ಕೈಯಲ್ಲಿ ಮೊಬೈಲ್ ಏಕೆ. ಅದೂ ಮುಗಿದ ಮೇಲೆ ತಾವಾಗಿಯೇ ಹರಿದ ಬಲೆ ಎಳೆದುಕೊಂಡು ರಿಪೇರಿಗೆ ಕೂರುತ್ತಾರೆ. ಆಗ ಮಗ ಪಕ್ಕಕ್ಕೆ ಬರುತ್ತಾನೆ. ಬೋಟಿಗೆ ಬರುವುದಿಲ್ಲ, ಐಟಿಐ ಸೇರುತ್ತೇನೆ ಎಂದು ಅವನು ಅಪ್ಪನಿಗೆ ಹೇಳಿದ್ದು ಹಾಗೆ ಕುಳಿತಾಗಲೇ. ಮುಖ ನೋಡಿ ಹೇಳಬೇಕಾಗಿದ್ದರೆ ಹೇಳುತ್ತಿರಲಿಲ್ಲ, ಇಬ್ಬರ ಕಣ್ಣೂ ಬಲೆಯ ಮೇಲಿತ್ತು. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ಶುಲ್ಕ ಎಷ್ಟು ಎಂದು ಕೇಳಿದರು.

ಒಂದು ವರ್ಷ ಬೇಡ ಸಾಹೇಬರೇ. ಎರಡು ತಿಂಗಳು ರಜೆ ಹಾಕಿ ಮನೆಯಲ್ಲೇ ಇರಿ, ಮಗಳಿಗೂ ರಜೆ ಇರುವಾಗ ಹಾಕಿ. ನಡುವೆ ಜಗಳವಾಗುತ್ತದೆ, ಆಗಲೇ ಹಿಮಾಲಯಕ್ಕೆ ಟಿಕೆಟ್ ತೆಗೆಸಬೇಡಿ. ಕೈಗೆ ಏನಾದರೂ ಕೆಲಸ ಇರಲಿ, ಶಿರಸಿಯ ಮನೆಯ ಅಟ್ಟ ಶುಚಿ ಮಾಡುವುದಾದರೂ ಸರಿ. ಮತ್ತೆ, ಬಂದ್ ತಿಂಗಳುಗಳ ಖರ್ಚನ್ನು ನಾನು ಮೇ ಮುಗಿಯುವುದರೊಳಗೆ ತೆಗೆದಿಡುತ್ತೇನೆ. ಅದನ್ನು ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ.