ಆಫ್‌ಲೈನ್ ಯಂತ್ರದಲ್ಲಿ ಜಿಪಿಜಿ: ಸೋರ್ಸ್‌ನಿಂದ ಕಟ್ಟಿದವರು ಅನುಭವ ಹೇಳಿ

ಹೊಸಬೀಗ:
ನೆಟ್ಟಿಗೆ ಎಂದೂ ಸೇರಿಸದ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಜಿಪಿಜಿ (ಎನ್‌ಕ್ರಿಪ್ಟ್ ಮಾಡುವ, ಸಹಿ ಹಾಕುವ ತಂತ್ರಾಂಶ ಜಿಎನ್‌ಯುಪಿಜಿ) ಮಾಸ್ಟರ್ ಕೀ ಮಾಡಿ, ಅದನ್ನು ತೆರೆಯುವ ಪಾಸ್‌ಫ್ರೇಸನ್ನು ಐದು ಪಾಲು ಮಾಡಿ ಐವರ ಹತ್ತಿರ ಇಡಬೇಕು. ಯಾವ ಮೂವರು ಸೇರಿದರೂ ತೆರೆಯಬೇಕು. ನನ್ನ ಲಿನಕ್ಸ್ ಡಿಸ್ಟ್ರೋದ ಪ್ಯಾಕೇಜ್‌ನಲ್ಲಿರುವುದು ಜಿಪಿಜಿ 2.2, ನನಗೆ 2.4 ಬೇಕು. ಏನೇನು ಕೈಕೊಡುತ್ತೆ?

ಹಳೇಟರ್ಮಿನಲ್:
ಸೋರ್ಸ್‌ನಿಂದಲೇ ಕಟ್ಟಿ. ಕ್ರಮ ತಪ್ಪಿದರೆ ದಿನವಿಡೀ ಹಾಳು: ಮೊದಲು ಜಿಪಿಜಿಗೆ ಬೇಕಾದ ಲೈಬ್ರರಿಗಳಲ್ಲಿ ಲಿಬ್‌ಜಿಪಿಜಿ-ಎರರ್, ಆಮೇಲೆ ಲಿಬ್‌ಜಿಕ್ರಿಪ್ಟ್, ಲಿಬ್‌ಅಸುವಾನ್, ಲಿಬ್‌ಕೆಎಸ್‌ಬಿಎ, ಎನ್‌ಪಿಟಿಎಚ್, ಕಡೆಗೆ ಜಿಎನ್‌ಯುಪಿಜಿ. ಪಾಸ್‌ಫ್ರೇಸ್ ಕೇಳುವ ಪಿನ್‌ಎಂಟ್ರಿಗೆ ಬೇರೆ ಟಾರ್‌ಬಾಲ್ (ಸೋರ್ಸ್‌ನ ಕಟ್ಟು). ಟರ್ಮಿನಲ್ ಪರದೆಯ ಲೈಬ್ರರಿ ಎನ್‌ಕರ್ಸಸ್‌ನ ಹೆಡರ್ ಇಲ್ಲದಿದ್ದರೆ ಟರ್ಮಿನಲ್ಲಿನ ಪಿನ್‌ಎಂಟ್ರಿ ಹುಟ್ಟುವುದೇ ಇಲ್ಲ.

ಹೆಚ್ಚು ಸಮಯ ತಿನ್ನುವುದು ಹಳೇ ಲೈಬ್ರರಿ. ಕಟ್ಟುವ ಮುನ್ನ ಓಡುವ ಕಾನ್ಫಿಗರ್ ಸ್ಕ್ರಿಪ್ಟ್ ಹೊಸ ಲಿಬ್‌ಜಿಕ್ರಿಪ್ಟನ್ನು ಯೂಸರ್-ಲೋಕಲ್‌ನಲ್ಲಿ ಕಂಡು ಸುಮ್ಮನಾಗುತ್ತೆ, ಓಡಿಸುವಾಗ ಲೋಡರ್ ಸಿಸ್ಟಮ್ಮಿನ ಹಳೆಯದನ್ನು ಎಳೆದುಕೊಳ್ಳುತ್ತೆ. ‘ಲೈಬ್ರರಿ ತೀರಾ ಹಳೆಯದು’ ಅಂತ ಜಿಪಿಜಿ ನಿಲ್ಲುತ್ತೆ. ಒಂದೊಂದು ಲೈಬ್ರರಿ ಹಾಕಿದ ಮೇಲೂ, ಲೋಡರ್‌ಗೆ ಹೊಸದನ್ನು ತೋರಿಸುವ ಎಲ್‌ಡಿಕಾನ್ಫಿಗ್ ಓಡಿಸಿ. ಆಮೇಲೂ ‘ಏಜೆಂಟ್ ನನಗಿಂತ ಹಳೆಯದು’ ಎಂಬ ಎಚ್ಚರಿಕೆ ಬಂದರೆ ಹಿನ್ನೆಲೆಯಲ್ಲಿ ಕೀ ಕಾಯುವ ಹಿಂದಿನ ಜಿಪಿಜಿ-ಏಜೆಂಟ್ ಇನ್ನೂ ಜೀವಂತ. ಜಿಪಿಜಿಕಾನ್ಫ್‌ನ ಕಿಲ್ ಆಲ್ ಸಾಕಾಗದಿದ್ದರೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಯೂಸರ್ ಸಾಕೆಟ್ ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತಿದೆ ಅಂತ ಅರ್ಥ, ಆ ಸಾಕೆಟನ್ನು ಮಾಸ್ಕ್ ಮಾಡಬೇಕು (ಏಳದಂತೆ ತಡೆಯಬೇಕು). ಯಾವ ಟರ್ಮಿನಲ್ ಅಂತ ತಿಳಿಸುವ ಜಿಪಿಜಿ-ಟಿಟಿವೈ ವೇರಿಯಬಲ್ ಮರೆತರೆ ‘ಇನ್‌ಅಪ್ರೋಪ್ರಿಯೇಟ್ ಐಆಕ್ಟಲ್’ ಅಂತ ಬಂದು ಪಾಸ್‌ಫ್ರೇಸನ್ನೇ ಕೇಳೋಲ್ಲ.

ಇನ್ನೊಂದು. 2.4.1ರಿಂದ ಈಚೆಗೆ, ಜಿಪಿಜಿಯ ಹೋಮ್ ಡೈರೆಕ್ಟರಿ ಇಲ್ಲದ ಕಡೆ ಅದು ಮೊದಲ ಸಲ ಓಡಿದರೆ, ಪಬ್ಲಿಕ್ ಕೀಗಳನ್ನು ಡೇಟಾಬೇಸಿನಲ್ಲಿ ಇಡುವ ಕೀಬಾಕ್ಸ್‌ಡಿ ತಾನಾಗಿ ಚಾಲೂ. ಆಮೇಲೆ 2.2ಗೆ ಮರಳಿದರೆ ಪಬ್ಲಿಕ್ ಕೀ ಒಂದೂ ಕಾಣೋಲ್ಲ. ಹೋಗಿಲ್ಲ, 2.2ಗೆ ಆ ಡೇಟಾಬೇಸ್ ಓದಲು ಬರೋಲ್ಲ, ಅಷ್ಟೇ. ಬೇಡವಾದರೆ ಮೊದಲು ಎಕ್ಸ್‌ಪೋರ್ಟ್ ಮಾಡಿ, ಕಾಮನ್ ಕಾನ್ಫ್ ಫೈಲಿನ ಆ ಸಾಲು ತೆಗೆದು, ಮತ್ತೆ ಇಂಪೋರ್ಟ್ ಮಾಡಿ.

ಪ್ಯಾಕೇಜ್‌ಸಾಕು:
ಇಷ್ಟೆಲ್ಲ ಕಟ್ಟಿ, ಆಮೇಲೆ ಅಪ್‌ಡೇಟ್ ಯಾರು ಮಾಡ್ತಾರೆ? ಲಿಬ್‌ಜಿಕ್ರಿಪ್ಟ್ 1.9.0 ಬಂದದ್ದು 2021ರ ಜನವರಿಯಲ್ಲಿ. ಬರೀ ಡಿಕ್ರಿಪ್ಟ್ ಮಾಡಿದರೂ ಮೆಮೊರಿಯ ಹೀಪ್ ಬಫರ್ ಉಕ್ಕುವಂಥ ದೋಷ, ಸಹಿ ಪರೀಕ್ಷೆಗೂ ಮುಂಚೆ. ಅದೇ ತಿಂಗಳೊಳಗೆ 1.9.1 ಬಿಡಬೇಕಾಯ್ತು. ಹೊಸದು ಅಂತ ತಕ್ಷಣ ಕಟ್ಟಿಕೊಂಡವರೇ ಅದಕ್ಕೆ ಸಿಕ್ಕಿದ್ದು. ಆಫ್‌ಲೈನ್ ಯಂತ್ರಕ್ಕೆ ಯಾವ ಸೂಚನೆಯೂ ಬರೋಲ್ಲ. ಅಷ್ಟಕ್ಕೂ 2.4ರ ಟಾರ್‌ಬಾಲಿನ ಸಹಿ ನೋಡುವುದಕ್ಕೆ ಡಿಸ್ಟ್ರೋದ ಜಿಪಿಜಿಯೇ ಬೇಕು. ನಂಬಿಕೆ ಅಲ್ಲಿಂದಲೇ ಶುರು.

ಹಳೇಟರ್ಮಿನಲ್:
ಪ್ಯಾಕೇಜನ್ನು ನಂಬಿ ಅಂತ ಹೇಳುವವರು ಡೆಬಿಯನ್ ಡಿಸ್ಟ್ರೋದ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಮರೆತುಬಿಟ್ಟರಾ? 2006ರಲ್ಲಿ ಪ್ಯಾಕೇಜ್ ಕಡೆಯವರು ಹಾಕಿದ ಪ್ಯಾಚ್‌ನಿಂದ ಯಾದೃಚ್ಛಿಕತೆಗೆ ಪ್ರೋಸೆಸ್ ಐಡಿ ಒಂದೇ ಉಳಿಯಿತು. ಒಂದು ಬಗೆಯ, ಒಂದು ಅಳತೆಯ ಕೀಗಳು ಸುಮಾರು 32,000 ಮಾತ್ರ ಸಾಧ್ಯ. ಬಯಲಾದದ್ದು 2008ರ ಮೇನಲ್ಲಿ. ಮೂಲ ಸೋರ್ಸ್‌ನಿಂದ ಕಟ್ಟಿದವರ ಕೀಗಳಿಗೆ ಏನೂ ಆಗಲಿಲ್ಲ.

ಪ್ಯಾಕೇಜ್‌ಸಾಕು:
ಫೈಲ್ ಕುಗ್ಗಿಸುವ ಎಕ್ಸ್‌ಝಡ್ 5.6.0, 5.6.1ರ ಹಿಂಬಾಗಿಲು ನೆನಪಿದೆಯಾ? 2024. ಸೋರ್ಸ್ ಇರುವ ಗಿಟ್‌ನಲ್ಲಿ ಇಲ್ಲದ, ಹಿಂಬಾಗಿಲನ್ನು ಒಳಬಿಡುವ ಎಂ4 ಬಿಲ್ಡ್ ಫೈಲ್ ಬಿಡುಗಡೆಯ ಟಾರ್‌ಬಾಲ್‌ನಲ್ಲಿತ್ತು. ನೀವು ಕಣ್ಣಿಗೊತ್ತಿಕೊಳ್ಳುವ ಟಾರ್‌ಬಾಲ್ ಅದೇ, ಸಹಿ ಸಮೇತ.

ಹಳೇಟರ್ಮಿನಲ್:
ಪೂರ್ತಿ ಹೇಳಿ. ಆ ಸ್ಕ್ರಿಪ್ಟ್ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟಲಾಗುತ್ತಿದೆಯೇ ಅಂತ ನೋಡಿಕೊಂಡೇ ಒಳಸೇರುತ್ತಿತ್ತು. ಗುರಿ ಇದ್ದದ್ದು ಪ್ಯಾಕೇಜ್ ಬಳಸುವವರ ಮೇಲೆ. ಅರ್ಧ ಹೇಳಿ ಹೆದರಿಸಬೇಡಿ.

ಮೂರನೇಪಾಲು:
ಇಬ್ಬರೂ ನಿಲ್ಲಿಸಿ. ಕೀ ಕಳೆಯುವುದು ಪಾಲು ಮಾಡುವಲ್ಲಿ. ನಾನು ಬಳಸುವುದು ರಹಸ್ಯ ಪಾಲು ಮಾಡುವ ತಂತ್ರಾಂಶ ಎಸ್‌ಎಸ್‌ಎಸ್‌ಎಸ್, ಗೂಢಲಿಪಿ ತಜ್ಞ ಶಮೀರ್ 1979ರಲ್ಲಿ ಕೊಟ್ಟ ವಿಧಾನ. ಕಟ್ಟಲು ದೊಡ್ಡ ಸಂಖ್ಯೆಗಳ ಲೆಕ್ಕದ ಜಿಎಂಪಿ ಲೈಬ್ರರಿ ಮತ್ತು ಅದರ ಹೆಡರ್ ಸಾಕು. ಎಕ್ಸ್‌ಎಂಎಲ್‌ಟುಮ್ಯಾನ್ ಇಲ್ಲ ಅಂತ ಮೇಕ್ ನಿಂತರೆ ಗಾಬರಿ ಬೇಡ, ಅದು ಮ್ಯಾನ್ ಪುಟಕ್ಕೆ ಮಾತ್ರ. ‘ಮೆಮೊರಿ ಲಾಕ್ ಸಿಗಲಿಲ್ಲ’ ಅಂದರೆ ರಹಸ್ಯ ಸ್ವಾಪ್‌ಗೆ (ಡಿಸ್ಕಿಗೆ) ಹೋಗಬಹುದು. ಸ್ವಾಪ್ ಆಫ್ ಮಾಡಿಯೇ ಓಡಿಸಿ.

ಮಿತಿ 128 ಆಸ್ಕಿ ಅಕ್ಷರ. ಜಿಪಿಜಿ ಕೀ ಹಿಡಿಯೋಲ್ಲ, ಪಾಸ್‌ಫ್ರೇಸ್ ಹಿಡಿಯುತ್ತೆ. 32 ಅಕ್ಷರದ ಪಾಸ್‌ಫ್ರೇಸ್‌ಗೆ ಪ್ರತಿ ಪಾಲಿನಲ್ಲೂ 64 ಹೆಕ್ಸ್ ಅಂಕಿ (0-9, ಎ-ಎಫ್). ಪಾಲು ನೋಡಿದವನಿಗೆ ಪಾಸ್‌ಫ್ರೇಸಿನ ಉದ್ದ ಗೊತ್ತಾಗುತ್ತೆ, ಅದಕ್ಕೇ ಚಿಕ್ಕದು ಇಡಬೇಡಿ. ಎಲ್ಲಕ್ಕಿಂತ ಕೆಟ್ಟದ್ದು: ಪಾಲು ಸರಿಯೋ ತಪ್ಪೋ ಅಂತ ತಂತ್ರಾಂಶ ಪರೀಕ್ಷಿಸುವುದೇ ಇಲ್ಲ. ಕೈಬರಹದಲ್ಲಿ 6 ಹೋಗಿ ‘ಬಿ’ ಆದರೆ ‘ಬೈನರಿ ಡೇಟಾ’ ಅಂತ ಒಂದು ಎಚ್ಚರಿಕೆ, ಜೊತೆಗೆ ಅರ್ಥವಿಲ್ಲದ ಅಕ್ಷರಗಳು. ಮೂವರಲ್ಲಿ ತಪ್ಪು ಯಾರದು ತಿಳಿಯೋಲ್ಲ. ಪ್ರತಿ ಪಾಲಿನ ಕೆಳಗೆ ಅದರ ಎಸ್‌ಎಚ್‌ಎ-256 ಹ್ಯಾಶ್‌ನ (ಬೆರಳಚ್ಚಿನಂಥ ಸಂಖ್ಯೆ) ಮೊದಲ 8 ಅಂಕಿ ಬರೆದಿಡಿ. ಐದರಲ್ಲಿ ಮೂರು ಅಂದರೆ 10 ಜೋಡಣೆ. ಹತ್ತನ್ನೂ, ಕಾಗದ ನೋಡಿ ಟೈಪ್ ಮಾಡಿಯೇ, ಕೂಡಿಸಿ ನೋಡಿ. ಸ್ಕ್ರೀನಿನಿಂದ ಕಾಪಿ ಮಾಡಿ ಪರೀಕ್ಷಿಸಿದರೆ ಅದು ಪರೀಕ್ಷೆಯೇ ಅಲ್ಲ.

ಎನ್‌ಕ್ರಿಪ್ಟ್ ಆದ ಕೀ ಫೈಲನ್ನೂ ಐವರಿಗೂ ಕೊಡಿ. ಅದಿಲ್ಲದೆ ಪಾಲುಗಳಿಂದ ಉಪಯೋಗವಿಲ್ಲ.

ಒಂದೇಸಾಲು:
ಇದಕ್ಕೆಲ್ಲ ಏಜ್ ಬಳಸಿ, ಗೋ ಭಾಷೆಯಲ್ಲಿ ಬರೆದ ಎನ್‌ಕ್ರಿಪ್ಟ್ ತಂತ್ರಾಂಶ. ಅದರ ರಹಸ್ಯ ಕೀ 74 ಅಕ್ಷರದ ಒಂದು ಸಾಲು, 128ರೊಳಗೆ ಇಡೀ ಕೀಯೇ ಪಾಲಾಗುತ್ತೆ, ಬೇರೆ ಫೈಲ್ ಬೇಡ. ಕೊನೆಯ 6 ಅಕ್ಷರ ಚೆಕ್‌ಸಮ್, ತಪ್ಪಾಗಿ ಕೂಡಿದ್ದರೆ ಏಜ್ ಒಪ್ಪೋಲ್ಲ. ನೆಟ್ ಇರುವ ಯಂತ್ರದಲ್ಲಿ ‘ಗೋ ಮಾಡ್ ವೆಂಡರ್’ ಆಜ್ಞೆಯಿಂದ ಬೇಕಾದ ಲೈಬ್ರರಿ ಸೇರಿಸಿಕೊಂಡು ಫೋಲ್ಡರ್ ಒಯ್ಯಿರಿ, ಇಲ್ಲದಿದ್ದರೆ ಆಫ್‌ಲೈನಿನಲ್ಲಿ ಬಿಲ್ಡ್ ಮೊದಲ ಹೆಜ್ಜೆಗೇ ನಿಲ್ಲುತ್ತೆ. CGO_ENABLED ವೇರಿಯಬಲ್ ಸೊನ್ನೆ ಇಟ್ಟರೆ ಲೈಬ್ರರಿ ಜಗಳವೇ ಇಲ್ಲದ ಒಂದು ಬೈನರಿ.

ಹಳೇಟರ್ಮಿನಲ್:
ಏಜ್‌ನಲ್ಲಿ ಸಹಿ ಹಾಕಲು ಬರೋಲ್ಲ. ಅವರು ಕೇಳಿದ್ದು ಮಾಸ್ಟರ್ ಕೀ. ಸಹಿಯೇ ಅದರ ಕೆಲಸ.

ಹೊಸಬೀಗ:
ಹಾಗಾದರೆ ಪಾಲುಗಳ ಜೊತೆ ಪೇಪರ್‌ಕೀ (ಜಿಪಿಜಿ ಕೀಯನ್ನು ಕಾಗದಕ್ಕೆ ಇಳಿಸುವ ತಂತ್ರಾಂಶ) ಮುದ್ರಣವೂ ಇಡಲಾ?

ಮೂರನೇಪಾಲು:
ಇಡಿ. ಆದರೆ ಪೇಪರ್‌ಕೀ ರಹಸ್ಯ ಬೈಟ್‌ಗಳನ್ನು ಮಾತ್ರ ಮುದ್ರಿಸುತ್ತೆ. ಪಬ್ಲಿಕ್ ಕೀ ಇಲ್ಲದೆ ಅದರಿಂದ ಕೀ ಮತ್ತೆ ಕಟ್ಟಲಾಗದು. ಸಾಲು ಸಾಲಿಗೂ ಸಿಆರ್‌ಸಿ ಎಂಬ ಚೆಕ್‌ಸಮ್ ಇದೆ, ಟೈಪ್ ಮಾಡುವಾಗ ತಪ್ಪು ಎಲ್ಲಿ ಅಂತ ತೋರಿಸುತ್ತೆ.

ಪ್ಯಾಕೇಜ್‌ಸಾಕು:
ಪೇಪರ್‌ಕೀ ಡಿಸ್ಟ್ರೋದಲ್ಲೇ ಪ್ಯಾಕೇಜ್ ಆಗಿದೆ. ಅದನ್ನೂ ಕಟ್ಟಲು ಕೂರಬೇಡಿ.

ಹಳೇಟರ್ಮಿನಲ್:
ಕಾನ್ಫಿಗರ್, ಮೇಕ್, ಮೇಕ್ ಚೆಕ್. ಒಂದು ನಿಮಿಷದ ಕೆಲಸ. ಅದಕ್ಕೂ ಬೇಡ ಅನ್ನುವವರು ಆಫ್‌ಲೈನ್ ಯಂತ್ರ ಯಾಕೆ ಇಟ್ಟುಕೊಳ್ಳಬೇಕು ಹೇಳಿ.